ಮುತ್ತಿಗೆ ಬಿದ್ದ ಊರಲ್ಲಿ ಹೊಲ ಕೊಂಡವನು

ಡಿಸೆಂಬರ್ 31ರ ರಾತ್ರಿ ನಮ್ಮ ಸಭೆಯಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿರುತ್ತದೆ. ಕೇಕು, ಕಾಫಿಗೆ ಮುಂಚೆ ಒಂದು ಸ್ಟೀಲ್ ತಟ್ಟೆ ಬರುತ್ತದೆ. ಅದರ ತುಂಬ ಬೋರಲು ಹಾಕಿದ ವಾಗ್ದಾನದ ಕಾರ್ಡುಗಳು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು, ಅದೇ ಆ ವರ್ಷಕ್ಕೆ ನಮ್ಮ ವಾಕ್ಯ. ನನಗೆ ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ ಪ್ರವಾದಿಯ ಪುಸ್ತಕದ 29:11 ಈವರೆಗೆ ಮೂರು ಸಲ ಬಂದಿದೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಏನು ಅಂತ ನನಗೆ ಗೊತ್ತು, ಅದು ಕೇಡಿನದಲ್ಲ, ಒಳ್ಳೇದರದ್ದೇ ಅಂತ ದೇವರು ಹೇಳುವ ಮಾತು. ಕ್ರೈಸ್ತರ ಮನೆಗಳಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಕ್ಯಾಲೆಂಡರಿನಲ್ಲಿ, ಲಗ್ನಪತ್ರಿಕೆಯಲ್ಲಿ, ಪರೀಕ್ಷೆ ಬರೆಯಲು ಹೋಗುವ ಮಕ್ಕಳ ಪೌಚಿನೊಳಗೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ.

ಅದರ ಹಿಂದಿನ ವಾಕ್ಯ ಮಾತ್ರ ಯಾವ ಕಾರ್ಡಿನಲ್ಲೂ ಬರಲ್ಲ. 29:10. ಅಲ್ಲಿ ಇರುವುದು ಲೆಕ್ಕ. ಬಾಬೆಲಿಗೆ (ಬ್ಯಾಬಿಲೋನಿಗೆ) 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆದುಕೊಂಡು ಬರುತ್ತೇನೆ, ಅಂತ.

ಅದು ಕಾಗದ. ಯೆರೂಸಲೇಮಿನಲ್ಲಿ ಕೂತ ಯೆರೆಮೀಯ, ಬಾಬೆಲಿಗೆ ಸೆರೆಯಾಗಿ ಹೋದ ತನ್ನ ಜನಕ್ಕೆ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಎಳೆದುಕೊಂಡು ಹೋದ ಆ ಊರಿನ ಒಳಿತಿಗೇ ಪ್ರಾರ್ಥನೆ ಮಾಡಿ ಅಂತೆಲ್ಲ ಅದರಲ್ಲಿದೆ. ಆ ಕಾಗದ ಓದುವಾಗ ನಲವತ್ತು ವರ್ಷದ ಒಬ್ಬ ಗಂಡಸು ಅಲ್ಲಿ ಕೂತು ಕೇಳಿಸಿಕೊಂಡಿದ್ದ ಅಂತಿಟ್ಟುಕೊಳ್ಳಿ. ಅವನು ಬೆರಳು ಮಡಚಿ ಲೆಕ್ಕ ಹಾಕಿಯೇ ಇರುತ್ತಾನೆ. ಅವನಿಗೆ ಗೊತ್ತಾಗಿದ್ದು ಒಂದೇ: ನಾನು ಇಲ್ಲೇ ಸಾಯುತ್ತೇನೆ. ಇದೇ ವಾಕ್ಯವನ್ನು ನಾವು ಪಿಯುಸಿ ರಿಸಲ್ಟಿಗೆ, ವೀಸಾಗೆ ಹಿಡಿದುಕೊಂಡು ಕೂರುತ್ತೇವಲ್ಲ ಅಂತ ನನಗೆ ಒಂದೊಂದು ಸಲ ನಗು ಬರುತ್ತದೆ. ಹಾಗಂತ ನಾನೂ ಹಿಡಿದುಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನಗೆ ಯೆರೆಮೀಯನನ್ನು ಹತ್ತಿರ ಮಾಡಿದ್ದು ಪ್ರಸಂಗಗಳಲ್ಲ, ಅಪ್ಪನ ಕಸುಬು. ಅಪ್ಪ ಪತ್ರ ಬರಹಗಾರರಾಗಿದ್ದರು. ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಮೇಜು, ಎರಡು ಕುರ್ಚಿ, ಒಂದು ಬೆಂಚು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಕರಾರು. ಜೀವಮಾನವಿಡೀ ಬೇರೆಯವರ ಜಮೀನನ್ನೇ ಬರೆದರು. ಸತ್ಯವೇದದಲ್ಲಿ ಅವರಿಗೆ ತೀರಾ ಇಷ್ಟವಾದ ಅಧ್ಯಾಯ ಯೆರೆಮೀಯ 32. "ನಮ್ಮ ಕೆಲಸ ಇದರಲ್ಲಿದೆ ಕಣೋ" ಅನ್ನೋರು. ಆ ಅಧ್ಯಾಯದ ಹತ್ತಿರ ಹೋಗುವ ಮುಂಚೆ ಮನುಷ್ಯ ಯಾರು ಅಂತ ಹೇಳಬೇಕು.

ಯೆರೆಮೀಯನ ಊರು ಅನಾತೋತ್. ಯೆರೂಸಲೇಮಿನಿಂದ ಈಶಾನ್ಯಕ್ಕೆ ನಾಲ್ಕೈದು ಕಿಲೋಮೀಟರ್, ನಡೆದೇ ಹೋಗಿ ಬರಬಹುದು. ಯಾಜಕರ ಊರು. ಅವನ ಅಪ್ಪನ ಹೆಸರು ಹಿಲ್ಕೀಯ. ರಾಜ ಯೋಷೀಯನ ಆಳ್ವಿಕೆಯ 13ನೇ ವರ್ಷ, ಅಂದರೆ ಸುಮಾರು ಕ್ರಿ.ಪೂ. 627ರಲ್ಲಿ ಈ ಹುಡುಗನಿಗೆ ದೇವರ ಕರೆ ಬಂತು. ನನಗೆ ಮಾತಾಡೋಕೆ ಬರಲ್ಲ, ನಾನಿನ್ನೂ ಹುಡುಗ ಅಂದ. ಆ ಮಾತು ನಡೆಯಲಿಲ್ಲ. ಮೊದಲು ಕಂಡ ದರ್ಶನ ಬಾದಾಮಿಯ ಒಂದು ಕೊಂಬೆ. ಹೀಬ್ರೂವಿನಲ್ಲಿ ಬಾದಾಮಿಗೆ ಶಾಕೇದ್ ಅಂತಾರೆ, ಎಚ್ಚರವಾಗಿದ್ದು ಕಾಯುವವನಿಗೆ ಶೋಕೇದ್. ಆ ಕಡೆ ಚಳಿಗಾಲ ಮುಗಿಯುವ ಮೊದಲೇ ಎದ್ದು ಹೂ ಬಿಡುವ ಮರ ಅದು. ನನ್ನ ಮಾತು ನಡೆಯುವವರೆಗೂ ನಾನು ಎಚ್ಚರವಾಗಿರುತ್ತೇನೆ ಅಂತ ದೇವರು ಹೇಳಿದ ಹಾಗಾಯಿತು. ಎರಡನೇ ದರ್ಶನ ಉಕ್ಕುತ್ತಿರುವ ಹಂಡೆ, ಬಡಗಣ ದಿಕ್ಕಿನಿಂದ ಈ ಕಡೆಗೆ ವಾಲಿಕೊಂಡಿದೆ. ಮುಂದಿನ ನಲವತ್ತು ವರ್ಷ ಅವನು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಬಡಗಣದಿಂದ ಬರ್ತಾ ಇದೆ, ಚೆಲ್ಲುತ್ತೆ, ಸುಡುತ್ತೆ.

ಯೋಷೀಯ ಒಳ್ಳೆಯ ರಾಜ. ದೇವಾಲಯದ ರಿಪೇರಿ ಮಾಡುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು, ಅದನ್ನು ಲೇಖಕ ಶಾಫಾನ ರಾಜನ ಮುಂದೆ ಓದಿದ, ರಾಜ ಬಟ್ಟೆ ಹರಿದುಕೊಂಡ, ದೇಶದ ತುಂಬ ಸುಧಾರಣೆ ನಡೆಯಿತು. ಆಮೇಲೆ ಕ್ರಿ.ಪೂ. 609ರಲ್ಲಿ ಮೆಗಿದ್ದೋ ಹತ್ತಿರ ಐಗುಪ್ತದ (ಈಜಿಪ್ಟಿನ) ಫರೋಹನ ಕೈಯಲ್ಲಿ ಸತ್ತ. ಅಲ್ಲಿಂದ ಎಲ್ಲ ಇಳಿಜಾರು. ಮಗ ಯೆಹೋಯಾಕೀಮ ಪಟ್ಟಕ್ಕೆ ಬಂದ ಶುರುವಿನಲ್ಲೇ ಯೆರೆಮೀಯ ದೇವಾಲಯದ ಅಂಗಳದಲ್ಲಿ ನಿಂತು, "ಇದು ಯೆಹೋವನ ಆಲಯ, ಯೆಹೋವನ ಆಲಯ ಅಂತ ಜಪ ಮಾಡಬೇಡಿ, ಕದಿಯೋದು, ಕೊಲ್ಲೋದು, ಹಾದರ ಎಲ್ಲ ಮಾಡಿ ಬಂದು ಇಲ್ಲಿ ನಿಂತುಕೊಂಡರೆ ಇದೇನು ಕಳ್ಳರ ಗವಿಯಾ?" ಅನ್ನುವ ಅರ್ಥದಲ್ಲಿ ಕೇಳಿದ. ಆರುನೂರು ವರ್ಷದ ನಂತರ ಅದೇ ಊರಿನ ದೇವಾಲಯದಲ್ಲಿ ಮೇಜುಗಳನ್ನು ಕೆಡವಿದಾಗ ಯೇಸುಸ್ವಾಮಿ ಎತ್ತಿಕೊಂಡದ್ದು ಈ ಮಾತನ್ನೇ. ಯಾಜಕರು ಇವನನ್ನು ಹಿಡಿದು, ಸಾಯಿಸಬೇಕು ಅಂದರು. ನೂರು ವರ್ಷದ ಹಿಂದೆ ಮೀಕ ಪ್ರವಾದಿಯೂ ಹೀಗೇ ಹೇಳಿದ್ದ, ರಾಜ ಹಿಜ್ಕೀಯ ಅವನನ್ನು ಕೊಂದನಾ ಅಂತ ಊರಿನ ಹಿರಿಯರು ಹಳೇ ಮಾತು ತೆಗೆದರು. ಶಾಫಾನನ ಮಗ ಅಹೀಕಾಮ ಅಡ್ಡ ನಿಂತ. ಜೀವ ಉಳಿಯಿತು. ಊರೀಯ ಅನ್ನುವ ಇನ್ನೊಬ್ಬ ಪ್ರವಾದಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ಐಗುಪ್ತಕ್ಕೆ ಓಡಿಹೋಗಿದ್ದವನನ್ನು ಅಲ್ಲಿಂದ ಹಿಡಿದು ತಂದು ಕತ್ತಿಗೆ ಕೊಟ್ಟರು.

36ನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ, ನಿಧಾನವಾಗಿ ಓದಬೇಕು. ಯೆರೆಮೀಯನಿಗೆ ದೇವಾಲಯದೊಳಗೆ ಹೋಗದಂತೆ ತಡೆ ಇತ್ತು. ಅದಕ್ಕೆ ತನ್ನ ಮಾತುಗಳನ್ನೆಲ್ಲ ತನ್ನ ಬರಹಗಾರ ಬಾರೂಕನ ಕೈಯಲ್ಲಿ ಸುರುಳಿಯ ಮೇಲೆ ಬರೆಸಿದ. ಬಾರೂಕ ಅದನ್ನು ದೇವಾಲಯದಲ್ಲಿ, ಶಾಫಾನನ ಇನ್ನೊಬ್ಬ ಮಗ ಗೆಮರ್ಯನ ಕೋಣೆಯಿಂದ ಜನರಿಗೆ ಓದಿದ. ಅಧಿಕಾರಿಗಳು ಕರೆಸಿ ಕೇಳಿದರು, ಇದನ್ನೆಲ್ಲ ಹೇಗೆ ಬರೆದೆ? ಅವನ ಉತ್ತರ: ಅವನು ಬಾಯಿಂದ ಹೇಳುತ್ತಾ ಹೋದ, ನಾನು ಮಸಿಯಿಂದ ಬರೆದೆ. ಹಳೇ ಕ್ರಯಪತ್ರಗಳ ಕೊನೆಯಲ್ಲಿ 'ಬಿಕ್ಕಲಂ' ಅಂತ ಬರೆದು ಪತ್ರ ಬರೆದವನು ಸಹಿ ಹಾಕುತ್ತಿದ್ದ. ಬಾರೂಕ ಹೇಳಿದ್ದು ಅದೇ, ಬಿಕ್ಕಲಂ ಬಾರೂಕ.

ಚಳಿಗಾಲ. ರಾಜ ತನ್ನ ಚಳಿಗಾಲದ ಮನೆಯಲ್ಲಿ ಕೂತಿದ್ದಾನೆ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಯೆಹೂದಿ ಅನ್ನುವ ಹೆಸರಿನವನು ಸುರುಳಿ ಬಿಚ್ಚಿ ಮೂರು ನಾಲ್ಕು ಅಂಕಣ ಓದುತ್ತಾನೆ, ರಾಜ ಬರಹಗಾರನ ಚಾಕುವಿನಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಮತ್ತೆ ಮೂರು ನಾಲ್ಕು ಅಂಕಣ, ಮತ್ತೆ ಬೆಂಕಿ. ಕೋಪದಲ್ಲಿ ಇಡೀ ಸುರುಳಿಯನ್ನು ಒಂದೇ ಸಲ ಎಸೆದಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲವೇನೋ. ಅವನು ಕೇಳಿಸಿಕೊಂಡು, ಕೇಳಿಸಿಕೊಂಡು ಸುಟ್ಟ. ಯೋಷೀಯ ಗ್ರಂಥ ಕೇಳಿ ಬಟ್ಟೆ ಹರಿದುಕೊಂಡಿದ್ದ. ಮಗ ಗ್ರಂಥವನ್ನೇ ಕತ್ತರಿಸಿದ, ಬಟ್ಟೆ ಹಾಗೇ ಇತ್ತು. ಇದನ್ನು ಓದುವಾಗೆಲ್ಲ ಅಪ್ಪನಿಗೆ ಚಾಕುವಿನ ಮೇಲೇ ಕಣ್ಣು. ಅವರ ಮೇಜಿನ ಮೇಲೂ ಒಂದು ಅರ್ಧ ಬ್ಲೇಡು ಇರುತ್ತಿತ್ತು, ಪೆನ್ಸಿಲ್ ಹೆರೆಯೋಕೆ, ದಾರ ಕತ್ತರಿಸೋಕೆ. ಬರೆದದ್ದನ್ನು ಹೆರೆಯೋಕೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿಸುತ್ತಿದ್ದರು. ಬರೆದದ್ದು ಕಾಣಬೇಕು ಅನ್ನೋರು.

ಯೆರೆಮೀಯ ಏನು ಮಾಡಿದ? ಇನ್ನೊಂದು ಸುರುಳಿ ತರಿಸಿದ. ಮೊದಲಿಂದ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. ಅದರ ಜೊತೆಗೆ ಅಂಥದ್ದೇ ಇನ್ನೂ ಬಹಳ ಮಾತು ಸೇರಿದವು ಅಂತ ಅಧ್ಯಾಯ ಮುಗಿಯುತ್ತದೆ. ಸುಟ್ಟದ್ದಕ್ಕಿಂತ ಜಾಸ್ತಿಯೇ ಆಯಿತು!

1982ರಲ್ಲಿ ಯೆರೂಸಲೇಮಿನ ದಾವೀದನ ನಗರ ಅನ್ನುವ ಭಾಗದಲ್ಲಿ ಅಗೆಯುವಾಗ ಒಂದು ಸುಟ್ಟುಹೋದ ಮನೆಯಲ್ಲಿ ಐವತ್ತೊಂದು ಮಣ್ಣಿನ ಮುದ್ರೆಗಳು ಸಿಕ್ಕವು. ಪತ್ರಗಳನ್ನು ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಒತ್ತಿ ಮುದ್ರೆ ಹಾಕುತ್ತಿದ್ದರು, ಅವು. ಬಾಬೆಲಿನವರು ಊರಿಗೆ ಇಟ್ಟ ಬೆಂಕಿಯಲ್ಲಿ ಪತ್ರಗಳೆಲ್ಲ ಬೂದಿಯಾಗಿವೆ. ಅದೇ ಬೆಂಕಿ ಮುದ್ರೆಗಳನ್ನು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿ ಮಾಡಿದೆ. ಅದರಲ್ಲೊಂದರ ಮೇಲೆ 'ಶಾಫಾನನ ಮಗನಾದ ಗೆಮರ್ಯ' ಅಂತಿದೆ. ಸುರುಳಿ ಸುಡಬೇಡಿ ಅಂತ ರಾಜನನ್ನು ಬೇಡಿಕೊಂಡ ಮೂವರಲ್ಲಿ ಈ ಹೆಸರಿನವನೂ ಒಬ್ಬ.

ನಮ್ಮ ಪ್ರಾರ್ಥನಾಕೂಟಗಳಲ್ಲಿ ಸಾಕ್ಷಿ ಹೇಳುವ ಒಂದು ಧಾಟಿ ಇದೆ. ಕಷ್ಟ ಇತ್ತು, ಪ್ರಾರ್ಥನೆ ಮಾಡಿದೆ, ಕರ್ತನು ಬಿಡಿಸಿದನು, ಸ್ತೋತ್ರ. ಯೆರೆಮೀಯನಿಗೆ ಮೈಕ್ ಕೊಟ್ಟರೆ ಎಲ್ಲ ಕೆಟ್ಟುಹೋಗುತ್ತಿತ್ತು. 20ನೇ ಅಧ್ಯಾಯ ನೋಡಿ. ಪಷ್ಹೂರ ಅನ್ನುವ ಯಾಜಕ ಇವನಿಗೆ ಹೊಡೆಸಿ ಒಂದು ರಾತ್ರಿ ಕೋಳದಲ್ಲಿ ಹಾಕಿಸಿದ್ದಾನೆ. ಬಿಡುಗಡೆಯಾದ ಮೇಲೆ ಇವನು ದೇವರಿಗೇ ಹೇಳುತ್ತಾನೆ, ನೀನು ನನ್ನನ್ನು ಮರುಳು ಮಾಡಿದೆ, ನಾನು ಮರುಳಾದೆ, ದಿನವೆಲ್ಲ ನಗೆಗೀಡಾಗಿದ್ದೇನೆ. ಬಾಯಿ ಮುಚ್ಚಿಕೊಂಡಿರೋಣ ಅಂದರೆ ಎಲುಬಿನೊಳಗೆ ಬೆಂಕಿ ಇಟ್ಟ ಹಾಗಾಗುತ್ತದೆ, ತಡೆದು ತಡೆದು ಸುಸ್ತಾಯಿತು. ಆಮೇಲೆ ಒಂದು ವಾಕ್ಯದಲ್ಲಿ ಯೆಹೋವನಿಗೆ ಹಾಡಿರಿ ಅನ್ನುತ್ತಾನೆ. ಅದರ ಮುಂದಿನ ವಾಕ್ಯದಲ್ಲೇ, ನಾನು ಹುಟ್ಟಿದ ದಿನಕ್ಕೆ ಶಾಪ ತಗಲಲಿ! ಇದನ್ನು ತಿದ್ದಿ ಸರಿ ಮಾಡದೆ ಹಾಗೇ ಉಳಿಸಿದ್ದಾರಲ್ಲ, ಆ ಕಾರಣಕ್ಕೇ ನನಗೆ ಸತ್ಯವೇದದ ಮೇಲೆ ಒಂದು ನಂಬಿಕೆ.

ಹನನ್ಯನ ಕತೆಯನ್ನೂ ಹೇಳಿಬಿಡುತ್ತೇನೆ. ಬಾಬೆಲಿನ ನೊಗ ಹೊರಲೇಬೇಕು ಅಂತ ತೋರಿಸಲು ಯೆರೆಮೀಯ ಕತ್ತಿನ ಮೇಲೆ ಮರದ ನೊಗ ಇಟ್ಟುಕೊಂಡು ಓಡಾಡುತ್ತಿದ್ದ. ಹನನ್ಯನೂ ಪ್ರವಾದಿಯೇ. ಎರಡು ವರ್ಷದೊಳಗೆ ಬಾಬೆಲಿಗೆ ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ದೇವಾಲಯದಲ್ಲಿ ಜನರೆದುರು ಸಾರಿದ. ಯೆರೆಮೀಯ ಮೊದಲು ಅಂದದ್ದು, "ಆಮೆನ್, ಹಾಗೇ ಆಗಲಿ." ವ್ಯಂಗ್ಯ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ಅವನಿಗೂ ಅದೇ ಬೇಕಿತ್ತು. ಹನನ್ಯ ನೊಗ ಕಿತ್ತು ಮುರಿದ. ಯೆರೆಮೀಯ ಜಗಳ ಆಡದೆ ತನ್ನ ದಾರಿ ಹಿಡಿದು ಹೋದ. ಆಮೇಲೆ ವಾಪಸ್ ಬಂದು, ಮರದ್ದನ್ನು ಮುರಿದೆ, ಈಗ ಕಬ್ಬಿಣದ್ದು ಬರುತ್ತೆ, ನೀನು ಇದೇ ವರ್ಷ ಸಾಯುತ್ತೀ ಅಂದ. ಏಳನೇ ತಿಂಗಳಲ್ಲಿ ಹನನ್ಯ ಸತ್ತ. ಎರಡು ವರ್ಷ ಅನ್ನುವವರು, 70 ವರ್ಷ ಅನ್ನುವವರು ಇಬ್ಬರೂ ಇವತ್ತು ಸಿಕ್ಕರೆ ಕನ್ವೆನ್ಷನ್ ಪೋಸ್ಟರಿನಲ್ಲಿ ಯಾರ ಫೋಟೋ ಹಾಕುತ್ತೇವೆ ಅಂತ ನಿಮಗೂ ಗೊತ್ತು.

ಕೊನೆಯ ರಾಜ ಚಿದ್ಕೀಯ. ಕೆಟ್ಟವನಲ್ಲ, ಹೆದರುಪುಕ್ಕಲ. ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಊರು ಸುತ್ತಿತ್ತು. ಐಗುಪ್ತದ ಸೈನ್ಯ ಬರುತ್ತಿದೆ ಅಂತ ಸ್ವಲ್ಪ ದಿನ ಮುತ್ತಿಗೆ ಸಡಿಲವಾದಾಗ ಯೆರೆಮೀಯ ಸೀಮೆಯಲ್ಲಿ ತನ್ನ ಪಾಲಿನ ವಿಷಯಕ್ಕೆ ಅಂತ ಹೊರಟ. ಬೆನ್ಯಾಮೀನ್ ಬಾಗಿಲಲ್ಲಿ ಕಾವಲಿನವನು ಹಿಡಿದ, ಶತ್ರುಗಳ ಕಡೆ ಓಡ್ತಿದ್ದೀಯ ಅಂತ. ಹೊಡೆತ, ಸೆರೆ. ಸ್ವಲ್ಪ ದಿನದ ಮೇಲೆ ಅಧಿಕಾರಿಗಳು ಅವನನ್ನು ಬಾವಿಗೆ ಇಳಿಬಿಟ್ಟರು. ನೀರಿಲ್ಲ, ಕೆಸರು ಮಾತ್ರ. ಕೆಸರಿನಲ್ಲಿ ಹೂತುಕೊಂಡ.

ಎತ್ತಿದವನು ಯೆಹೂದ್ಯನಲ್ಲ. ಅರಮನೆಯಲ್ಲಿ ಕೆಲಸಕ್ಕಿದ್ದ ಕೂಷ್ ದೇಶದ ಎಬೆದ್ಮೆಲೆಕ. ರಾಜನ ಹತ್ತಿರ ನೇರ ಹೋಗಿ ಕೇಳಿ 30 ಆಳುಗಳನ್ನು ಪಡೆದ. ಹಗ್ಗ ತಗೊಂಡು ಓಡಬಹುದಿತ್ತು. ಓಡಲಿಲ್ಲ, ಮೊದಲು ಉಗ್ರಾಣಕ್ಕೆ ಹೋಗಿ ಹಳೇ ಹರಕು ಬಟ್ಟೆ ಹುಡುಕಿ ತಂದ. ಅದನ್ನು ಕೆಳಗೆ ಬಿಟ್ಟು, ಕಂಕುಳಿಗೆ ಇಟ್ಟುಕೊಳ್ಳಿ, ಅದರ ಮೇಲೆ ಹಗ್ಗ ಬರಲಿ ಅಂದ. ಹಗ್ಗ ಕೊರೆಯುತ್ತೆ ಅಂತ ಅವನಿಗೆ ಹೊಳೆದಿತ್ತು. ಊರು ಹಸಿವಿನಿಂದ ಸಾಯುತ್ತಿರುವಾಗ ಒಬ್ಬ ಮನುಷ್ಯ ಇನ್ನೊಬ್ಬನ ಕಂಕುಳಿನ ಬಗ್ಗೆ ಯೋಚನೆ ಮಾಡಿದ.

ಈಗ 32ನೇ ಅಧ್ಯಾಯ. ಯೆರೆಮೀಯ ಕಾರಾಗೃಹದ ಅಂಗಳದಲ್ಲಿದ್ದಾನೆ. ರೊಟ್ಟಿಗಾರರ ಬೀದಿಯಿಂದ ದಿನಕ್ಕೊಂದು ರೊಟ್ಟಿ ಬರುತ್ತದೆ, ಅದೂ ಊರಲ್ಲಿ ಮುಗಿಯುವವರೆಗೆ. ಅಲ್ಲಿಗೆ ಹನಮೇಲ ಬರುತ್ತಾನೆ. ಅಪ್ಪನ ಅಣ್ಣನೋ ತಮ್ಮನೋ ಶಲ್ಲೂಮ ಅಂತ, ಅವನ ಮಗ. ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದೇ ಅಂತಾನೆ. ಅನಾತೋತ್ ಆಗ ಬಾಬೆಲಿನ ಸೈನ್ಯದ ಕಾಲಡಿ. ಅದೂ ಸಾಲದು ಅಂತ, ಹಿಂದೊಮ್ಮೆ ಯೆರೆಮೀಯನನ್ನು ಕೊಲ್ಲಲು ಹೊಂಚು ಹಾಕಿದ್ದು ಅದೇ ಅನಾತೋತಿನ ಜನ. ಇಂಥ ಜಮೀನನ್ನು ಯಾರಾದರೂ ಕೊಳ್ಳುತ್ತಾರಾ?

ಕೊಂಡ. 17 ಶೆಕೆಲ್ ಬೆಳ್ಳಿ, ಹೆಚ್ಚುಕಡಿಮೆ 190 ಗ್ರಾಂ. ಆಗ ನಾಣ್ಯ ಇಲ್ಲ, ತಕ್ಕಡಿಯಲ್ಲಿ ತೂಗಿಯೇ ಕೊಡಬೇಕು. ತೂಗಿದ. ಪತ್ರ ಬರೆದು ಮುದ್ರೆ ಹಾಕಿದ. ಸಾಕ್ಷಿಗಳ ರುಜು ಆಯಿತು. ಪತ್ರಕ್ಕೆ ಎರಡು ಪ್ರತಿ: ಒಂದು ಮುಚ್ಚಿದ್ದು, ಒಂದು ತೆರೆದದ್ದು. ತೆರೆದದ್ದು ಯಾರು ಬೇಕಾದರೂ ಓದೋಕೆ. ಮುಂದೆ ತಕರಾರು ಬಂದು ಯಾರೋ ತಿದ್ದಿದ್ದಾರೆ ಅಂತಾದರೆ ಮುಚ್ಚಿದ್ದರ ಮುದ್ರೆ ಒಡೆದು ತಾಳೆ ನೋಡುವುದು. ಈ ಪದ್ಧತಿ ಬಹಳ ಕಾಲ ಇತ್ತು. 1960-61ರಲ್ಲಿ ಮೃತ ಸಮುದ್ರದ ಹತ್ತಿರದ ಒಂದು ಗವಿಯಲ್ಲಿ ಬಬಥಾ ಅನ್ನುವ ಯೆಹೂದಿ ಹೆಂಗಸಿನ ಜಮೀನು ಪತ್ರಗಳು ಸಿಕ್ಕಾಗ ಅವುಗಳಲ್ಲೂ ಹೀಗೇ ಇಬ್ಬಗೆಯ ಪ್ರತಿ ಇದ್ದವು, ಅವು ಯೆರೆಮೀಯನಿಗಿಂತ ಏಳುನೂರು ವರ್ಷ ಈಚಿನವು. ತನ್ನ ಪತ್ರದ ಎರಡೂ ಪ್ರತಿಗಳನ್ನು ಬಾರೂಕನ ಕೈಗೆ ಕೊಟ್ಟು, ಅಂಗಳದಲ್ಲಿ ಕೂತಿದ್ದ ಎಲ್ಲರ ಎದುರು ಯೆರೆಮೀಯ ಹೇಳಿದ, ಮಣ್ಣಿನ ಗಡಿಗೆಯಲ್ಲಿ ಇಡು, ಬಹಳ ದಿನ ಉಳಿಯಬೇಕು.

ಅಪ್ಪ ಇದನ್ನು ಓದಿ ಹೇಳುವಾಗ ಬೆರಳು ಮಡಚುತ್ತಿದ್ದರು. ಪ್ರತಿಫಲ ಆಯಿತು, ಬರವಣಿಗೆ ಆಯಿತು, ಮುದ್ರೆ ಆಯಿತು, ಸಾಕ್ಷಿ ಆಯಿತು, ನಕಲು ಆಯಿತು, ಭದ್ರ ಮಾಡಿದ್ದೂ ಆಯಿತು. "ಒಂದನ್ನೂ ಬಿಟ್ಟಿಲ್ಲ ನೋಡು. ಊರು ಉರೀತಾ ಇದ್ರೂ ಪತ್ರ ಸರಿಯಾಗಿ ಮಾಡ್ಸಿದ್ದಾನೆ." ಅವರಿಗೆ ಅದು ವಿಶ್ವಾಸಕ್ಕಿಂತ ಮೊದಲು ಕಸುಬಿನ ಅಚ್ಚುಕಟ್ಟು. ನಮ್ಮ ಹಳೇ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆದು, ನಿಧಿ ನಿಕ್ಷೇಪ ಜಲ ತರು ಪಾಷಾಣ ಎಲ್ಲ ಸೇರಿಸಿ, 'ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು' ಅಂತ ಒಂದು ಸಾಲು ಇರುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಅಪ್ಪನಿಗೆ ಕೇಳಿದ್ದೆ, ಆ ಸಾಲನ್ನು ಯೆರೆಮೀಯನ ಪತ್ರದಲ್ಲಿ ಬರೆಯೋಕೆ ಆಗುತ್ತಾ ಅಂತ. ಮದುವೆಯಾಗಬೇಡ, ಈ ಊರಲ್ಲಿ ನಿನಗೆ ಮಕ್ಕಳಾಗುವುದು ಬೇಡ ಅಂತ 16ನೇ ಅಧ್ಯಾಯದಲ್ಲಿ ದೇವರೇ ಹೇಳಿಬಿಟ್ಟಿದ್ದಾನೆ. ಪುತ್ರನೇ ಇಲ್ಲ, ಪೌತ್ರ ಎಲ್ಲಿಂದ? ಅಪ್ಪ ಪೆನ್ನಿನ ಕ್ಯಾಪು ಹಾಕಿ ಸುಮ್ನೆ ಕೂತರು. ಉತ್ತರ ಹೇಳಲಿಲ್ಲ.

ಅಪ್ಪನ ಟ್ರಂಕಿನಲ್ಲೂ ಒಂದು ಕ್ರಯಪತ್ರ ಇದೆ. 30×40 ಸೈಟು. ಊರಿನವರಿಗೆಲ್ಲ ಪತ್ರ ಬರೆದುಕೊಟ್ಟ ಮನುಷ್ಯ ತನ್ನ ಸೈಟಿನಲ್ಲೇ ಏಮಾರಿದರು. ಮಾರಿದವನಿಗೆ ಹಕ್ಕೇ ಇರಲಿಲ್ಲ, ಬಡಾವಣೆ ಇಡೀ ಕೋರ್ಟಿಗೆ ಹೋಯಿತು, ಅಪ್ಪ ಹೋಗುವವರೆಗೂ ಅಲ್ಲೇ ಇತ್ತು. ಆ ಸೈಟಿಗೂ ಅನಾತೋತಿನ ಹೊಲಕ್ಕೂ ನಾನು ಹೋಲಿಕೆ ಹೂಡಲ್ಲ. ಅಪ್ಪ ಗೊತ್ತಿಲ್ಲದೆ ಕೊಂಡರು. ಯೆರೆಮೀಯನಿಗೆ ಎಲ್ಲ ಗೊತ್ತಿತ್ತು. ಆ ಹೊಲ ತನ್ನ ಕೈಗೆ ಬರಲ್ಲ ಅನ್ನುವುದನ್ನು ಅವನಷ್ಟು ಖಂಡಿತವಾಗಿ ಹೇಳಿದವರು ಊರಲ್ಲೇ ಇರಲಿಲ್ಲ.

ಪತ್ರ ಆದ ಮೇಲೆ ಅವನು ಪ್ರಾರ್ಥನೆ ಮಾಡುತ್ತಾನೆ, ಮುಂಚೆ ಅಲ್ಲ. ಭೂಮಿ ಆಕಾಶ ಮಾಡಿದವನೇ ಅಂತ ಶುರು ಮಾಡಿ, ಉದ್ದಕ್ಕೆ ಇತಿಹಾಸ ಹೇಳಿ, ಕೊನೆಗೆ ವಿಷಯಕ್ಕೆ ಬರುತ್ತಾನೆ. ಮುತ್ತಿಗೆಯ ದಿಬ್ಬಗಳು ಗೋಡೆ ತನಕ ಬಂದಿವೆ, ಊರು ಹೋಯಿತು, ನೀನೇ ನೋಡ್ತಿದ್ದೀಯ, ಆದರೂ ದುಡ್ಡು ಕೊಟ್ಟು ಹೊಲ ಕೊಂಡುಕೋ ಅಂತೀಯಲ್ಲ! ಅದಕ್ಕೆ ಬಂದ ಉತ್ತರ 32:27, ನನಗೆ ಅಸಾಧ್ಯವಾದದ್ದು ಏನಾದರೂ ಇದೆಯಾ ಅನ್ನುವ ಮಾತು. ಅದೂ ವಾಗ್ದಾನದ ಕಾರ್ಡಿನಲ್ಲಿ ಬರುತ್ತದೆ. ಮರು ವಾಕ್ಯದಲ್ಲೇ ಈ ಊರನ್ನು ಕಲ್ದೀಯರ (ಬಾಬೆಲಿನವರ) ಕೈಗೆ ಕೊಡುತ್ತೇನೆ ಅಂತಿದೆ, ಅದು ಬರಲ್ಲ. ಇದೇ ದೇಶದಲ್ಲಿ ಜನ ಮತ್ತೆ ದುಡ್ಡು ಕೊಟ್ಟು ಹೊಲ ಕೊಳ್ಳುತ್ತಾರೆ, ಪತ್ರ ಬರೆಯುತ್ತಾರೆ, ಸಾಕ್ಷಿ ಹಾಕಿಸುತ್ತಾರೆ ಅಂತ ಅಧ್ಯಾಯ ಮುಗಿಯುತ್ತದೆ. ಪ್ರವಾದನೆಯ ಕೊನೆಗೆ ಇರುವುದು ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ.

ಒಂದು ಪುಟ ಹಿಂದಕ್ಕೆ ಹೋದರೆ 31ನೇ ಅಧ್ಯಾಯ. ಕ್ರೈಸ್ತರಿಗೆ ಯೆರೆಮೀಯನಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ ಅದು. ಹೊಸ ಒಡಂಬಡಿಕೆ ಮಾಡಿಕೊಳ್ಳುತ್ತೇನೆ, ಅದನ್ನು ಹೃದಯದ ಮೇಲೇ ಬರೆಯುತ್ತೇನೆ ಅನ್ನುವ ಮಾತು. ಕೊನೆಯ ರಾತ್ರಿ ಊಟದಲ್ಲಿ ಯೇಸುಸ್ವಾಮಿ ಪಾತ್ರೆ ಹಿಡಿದು ಹೇಳಿದ್ದು ಇದನ್ನೇ ನೆನೆದು. ಇಬ್ರಿಯರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಈ ಭಾಗ ಇಡಿಯಾಗಿ ಬಂದಿದೆ. ನಮ್ಮ ಕನ್ನಡ ಸತ್ಯವೇದದ ಎರಡನೇ ಭಾಗಕ್ಕಿರುವ ಹೆಸರೇ ಈ ಎರಡು ಪದ. ಒಡಂಬಡಿಕೆ ಅಂದರೆ ಕರಾರು, ಅಪ್ಪನ ಮೇಜಿನ ಮೇಲೆ ದಿನಾ ಇರುತ್ತಿದ್ದ ಪದ. ಜನ ನನ್ನನ್ನು ಯಾರು ಅಂತಾರೆ ಅಂತ ಯೇಸು ಕೇಳಿದಾಗ ಶಿಷ್ಯರು ಕೊಟ್ಟ ಉತ್ತರಗಳಲ್ಲಿ ಯೆರೆಮೀಯನ ಹೆಸರೂ ಇದೆ. ಊರಿಗಾಗಿ ಅತ್ತವನು, ಸ್ವಂತದವರೇ ಕೈಬಿಟ್ಟವನು. ಜನರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಕ್ರಿ.ಪೂ. 587ರಲ್ಲಿ (ಕೆಲವರ ಲೆಕ್ಕದಲ್ಲಿ 586) ಗೋಡೆ ಒಡೆಯಿತು. ಚಿದ್ಕೀಯನ ಎದುರಿಗೇ ಮಕ್ಕಳನ್ನು ಕೊಂದರು, ಆಮೇಲೆ ಅವನ ಕಣ್ಣು ಕಿತ್ತರು. ದೇವಾಲಯ ಸುಟ್ಟರು. ಬಾಬೆಲಿನ ದಳಪತಿ ಯೆರೆಮೀಯನ ಬೇಡಿ ಬಿಚ್ಚಿ, ನನ್ನ ಜೊತೆ ಬಂದರೆ ಚೆನ್ನಾಗಿ ನೋಡಿಕೊಳ್ಳುತ್ತೇನೆ, ಬೇಡವಾದರೆ ನಿನ್ನಿಷ್ಟ ಅಂದ. ಇವನು ಹಾಳೂರಿನ ಬಡವರ ಜೊತೆ ಉಳಿದ. ಶಾಫಾನನ ಮೊಮ್ಮಗ ಗೆದಲ್ಯ ಅಧಿಪತಿಯಾದ, ಅವನನ್ನೂ ಕೊಂದರು. ಹೆದರಿದ ಜನ ಐಗುಪ್ತಕ್ಕೆ ಓಡಿದರು, ಬೇಡ ಅಂದ ಯೆರೆಮೀಯನನ್ನೂ ಬಾರೂಕನನ್ನೂ ಕರೆದುಕೊಂಡೇ ಹೋದರು. ಅಲ್ಲೇ ಅವನ ಮಾತು ನಿಲ್ಲುತ್ತದೆ. ಸ್ವಂತ ಜನರೇ ಕಲ್ಲೆಸೆದು ಕೊಂದರು ಅಂತ ಹಳೇ ಸಂಪ್ರದಾಯ. ಸತ್ಯವೇದದಲ್ಲಿ ಅವನ ಸಾವಿನ ಸುದ್ದಿ ಇಲ್ಲ. ಗಡಿಗೆಯ ಸುದ್ದಿಯೂ ಇಲ್ಲ.

ಎಜ್ರನ ಪುಸ್ತಕದ 2ನೇ ಅಧ್ಯಾಯವನ್ನು ಯಾರೂ ಇಷ್ಟಪಟ್ಟು ಓದಲ್ಲ. ಬಾಬೆಲಿನಿಂದ ವಾಪಸ್ ಬಂದವರ ಪಟ್ಟಿ ಅದು, ಬರೀ ಹೆಸರು, ಲೆಕ್ಕ. ಅಪ್ಪ ಪೆನ್ಸಿಲಿನಲ್ಲಿ 23ನೇ ವಾಕ್ಯದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ, ಅಂಚಿನಲ್ಲಿ ಬಿಕ್ಕಲಂ ಹಾಕುವ ಹಾಗೆ ಸಣ್ಣದಾಗಿ ಒಂದು ಇನಿಷಿಯಲ್. ಅದನ್ನು ನಾನು ನೋಡಿದ್ದು ಅವರು ಹೋದ ಮೇಲೆ.

ಅನಾತೋತಿನವರು 128.